ಊರಿನ ಹೈಸ್ಕೂಲ್ ಓಟಗಾರರು ಊರಿನ ಡಿಗ್ರಿ ಕಾಲೇಜಿಗೆ ಯಾಕೆ ಬರ್ತಿಲ್ಲ?

ಕೆಮ್ಮಣ್ಣು ಟ್ರ್ಯಾಕ್, ಮಂಡ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಡ್ಯ ಪಟ್ಟಣದ ಒಂದು ಡಿಗ್ರಿ ಕಾಲೇಜಿನ ಓಟದ ತಂಡದ ವಿಚಾರ ಇದು. 800 ಮೀಟರ್‌ನಿಂದ 10,000 ಮೀಟರ್‌ವರೆಗೆ, ಜೊತೆಗೆ ಕ್ರಾಸ್ ಕಂಟ್ರಿ (ಗುಡ್ಡಗಾಡು ಓಟ). ಕ್ರಾಸ್ ಕಂಟ್ರಿಗೆ ಆರು ಹುಡುಗರು, ಆರು ಹುಡುಗಿಯರನ್ನ ನಿಲ್ಲಿಸಬೇಕು ಅನ್ನೋದು ಗುರಿ. ಈಗ ಇರೋದು ನಾಲ್ಕು ಹುಡುಗರು, ಒಬ್ಬಳು ಹುಡುಗಿ.

ಜಿಲ್ಲೆಯಲ್ಲಿ ಏಳು ತಾಲ್ಲೂಕು. ಪ್ರತಿ ವರ್ಷ ಹೋಬಳಿ, ತಾಲ್ಲೂಕು, ಜಿಲ್ಲಾ ಕೂಟಗಳಲ್ಲಿ 1500, 3000 ಮೀಟರ್ ಓಡೋ ಮಕ್ಕಳಿಗೆ ಬರ ಇಲ್ಲ. ಆದರೆ ಅವರು ಡಿಗ್ರಿಗೆ ನಮ್ಮಲ್ಲಿಗೆ ಬರಲ್ಲ. ಬಂದರೂ ಓಟ ಬಿಟ್ಟು ಬಂದಿರ್ತಾರೆ.

ಇಲ್ಲಿವರೆಗೆ ಮಾಡಿರೋದು ಇಷ್ಟು: ಅಡ್ಮಿಷನ್ ಶುರುವಾದಾಗ ಪಿಯು ಕಾಲೇಜುಗಳಿಗೆ ಪೋಸ್ಟರ್ ಅಂಟಿಸೋದು, ಕ್ರೀಡಾ ಕೋಟಾದಲ್ಲಿ ಫೀಸ್ ಮಾಫಿ ಅಂತ ಹೇಳೋದು, ಹಿಂದಿನ ಜಿಲ್ಲಾ ಕೂಟಗಳಲ್ಲಿ ಗೆದ್ದವರ ಮನೆಗೆ ಫೋನ್ ಮಾಡೋದು. ಫೋನ್ ತೆಗೆದ ಮನೆಯವರು ಮರ್ಯಾದೆಯಿಂದ ಮಾತಾಡ್ತಾರೆ, ಆಮೇಲೆ ಬರಲ್ಲ.

ನಾವು ಎಡವುತ್ತಿರೋದು ಎಲ್ಲಿ? ಮುಂದಿನ ಒಂದು ವರ್ಷದಲ್ಲಿ ಏನೇನು ಮಾಡಬಹುದು? ಹೊಸ ಹಾಸ್ಟೆಲ್, ಸಿಂಥೆಟಿಕ್ ಟ್ರ್ಯಾಕ್ ಅನ್ನೋ ಸಲಹೆ ದಯವಿಟ್ಟು ಬೇಡ. ಅದಕ್ಕೆ ಕಾಲೇಜಿನ ಹತ್ತಿರ ದುಡ್ಡಿಲ್ಲ.

ಹೋಬಳಿ ಮೇಷ್ಟ್ರು

ಸರ್, ನೀವು ಫೋನ್ ಮಾಡೋ ಹೊತ್ತಿಗೆ ಆ ಹುಡುಗ ಓಟ ಬಿಟ್ಟು ಎರಡು ವರ್ಷ ಆಗಿರುತ್ತೆ. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಲೆಕ್ಕ ಹಾಕಿ ನೋಡಿ. ಜಿಲ್ಲಾ ಕೂಟದಲ್ಲಿ 3000 ಮೀಟರ್ ಗೆದ್ದವನು ಒಂಬತ್ತೋ ಹತ್ತೋ ಓದ್ತಿರ್ತಾನೆ, ವಯಸ್ಸು 14–15. ಡಿಗ್ರಿಗೆ ಬರೋದು 18ಕ್ಕೆ. ನಡುವೆ ಪಿಯುಸಿ ಎರಡು ವರ್ಷ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮೈದಾನ ಬದಲು, ಮೇಷ್ಟ್ರು ಬದಲು, ಕೂಟವೂ ಬದಲು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ದಿನಾ ಕಣ್ಣೆದುರಿಗೆ ಇರ್ತಾರೆ. ಎಷ್ಟೋ ಪಿಯು ಕಾಲೇಜಿನಲ್ಲಿ ಆಟಕ್ಕೆ ಅಂತ ಒಬ್ಬರೂ ಇಲ್ಲ. ಕೂಟದ ಸುತ್ತೋಲೆ ಬಂದಾಗ ಯಾರೋ ಒಬ್ಬ ಉಪನ್ಯಾಸಕರು ಹೆಸರು ಬರೆದು ಕಳಿಸ್ತಾರೆ. ಹುಡುಗ ಸೈನ್ಸ್ ತಗೊಂಡಿದ್ದರೆ ಬೆಳಗ್ಗೆ ಟ್ಯೂಷನ್, ಸಂಜೆ ಸಿಇಟಿ ಕೋಚಿಂಗ್. ಕಾಮರ್ಸ್, ಆರ್ಟ್ಸ್ ತಗೊಂಡವನಿಗೆ ಹೊತ್ತು ಸಿಗುತ್ತೆ, ಆದರೆ ಓಡಿಸೋರು ಸಿಗಲ್ಲ. ನೀವು ಹುಡುಕಬೇಕಾದ್ದು ಈ ಕಾಮರ್ಸ್, ಆರ್ಟ್ಸ್ ಮಕ್ಕಳನ್ನ. ಬಿ.ಎ., ಬಿ.ಕಾಂ.ಗೆ ಬರೋದೂ ಅವರೇ.

ಆದ್ದರಿಂದ ನಿಮ್ಮ ಕೆಲಸ ಮೇ ತಿಂಗಳಲ್ಲಲ್ಲ, ಹೋಬಳಿ ಕೂಟದ ದಿನ ಶುರುವಾಗಬೇಕು. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೋಬಳಿ, ತಾಲ್ಲೂಕು ಕೂಟಗಳು ನಡೆಯುತ್ತವೆ. ಕೂಟದ ವೇಳಾಪಟ್ಟಿ ಮತ್ತು ಫಲಿತಾಂಶದ ಹಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಣಾಧಿಕಾರಿಗಳ ಹತ್ತಿರ ಇರುತ್ತೆ. ಪ್ರಿನ್ಸಿಪಾಲರ ಸಹಿ ಇರೋ ಪತ್ರ ತಗೊಂಡು ಹೋಗಿ ಕೇಳಿ. ಬರೀ ಫಲಿತಾಂಶ ಕೇಳಬೇಡಿ. ಕೂಟಕ್ಕೆ ನಿಮ್ಮ ತಂಡದ ನಾಲ್ಕು ಹುಡುಗರನ್ನ ಕಳಿಸ್ತೀವಿ, ಸುತ್ತು ಎಣಿಸೋದು, ಸಮಯ ಬರೆಯೋದು ಅವರೇ ಮಾಡಿಕೊಡ್ತಾರೆ ಅಂತ ಹೇಳಿ. ಹೋಬಳಿ ಕೂಟದಲ್ಲಿ 200 ಮೀಟರ್ ಸುತ್ತಿನ ಮಣ್ಣಿನ ಟ್ರ್ಯಾಕ್‌ನಲ್ಲಿ 3000 ಅಂದರೆ 15 ಸುತ್ತು. 25 ಮಕ್ಕಳು ಒಟ್ಟಿಗೆ ಓಡಿದರೆ ಮೂರನೇ ಕಿಲೋಮೀಟರ್‌ಗೆ ಯಾರು ಯಾವ ಸುತ್ತಿನಲ್ಲಿದ್ದಾರೆ ಅನ್ನೋದೇ ತಪ್ಪಿಹೋಗುತ್ತೆ. ಆ ಕೆಲಸಕ್ಕೆ ಕೈ ಕೊಟ್ಟವರನ್ನ ಮೇಷ್ಟ್ರುಗಳು ಮರೆಯಲ್ಲ. ನಿಮಗೂ ಗೆದ್ದ ಮೂವರ ಹೆಸರಿನ ಬದಲು ಓಡಿದ ಅಷ್ಟೂ ಮಕ್ಕಳ ಸಮಯ ಸಿಗುತ್ತೆ.

ಇನ್ನು ಯಾರನ್ನ ನೋಡಬೇಕು ಅನ್ನೋದು. ಮೊದಲ ಸ್ಥಾನದವನ ಹಿಂದೆ ಬೀಳಬೇಡಿ. ಅವನ ಮೇಲೆ ಕ್ರೀಡಾ ಇಲಾಖೆಯ ಕ್ರೀಡಾ ನಿಲಯದವರ ಕಣ್ಣಿರುತ್ತೆ, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನವರ ಕಣ್ಣೂ ಇರುತ್ತೆ. ಆಳ್ವಾಸ್‌ನಲ್ಲಿ ದತ್ತು ಯೋಜನೆ ಅಂತ ಓದು, ಊಟ, ವಸತಿ ಎಲ್ಲವನ್ನೂ ಅವರೇ ನೋಡಿಕೊಳ್ತಾರೆ. ಅದರ ಮುಂದೆ ನಿಮ್ಮ ಫೀಸ್ ಮಾಫಿ ನಿಲ್ಲಲ್ಲ, ನಿಲ್ಲಬೇಕಾಗಿಯೂ ಇಲ್ಲ. ಮೊದಲನೆಯವರಲ್ಲಿ ಎಷ್ಟೋ ಮಂದಿ ಬೇಗ ಮೈ ಬಲಿತ ಮಕ್ಕಳು. 14ಕ್ಕೇ ಮೀಸೆ ಮೂಡಿದವನು ಗೆಲ್ತಾನೆ. 17ಕ್ಕೆ ಮಿಕ್ಕವರೂ ಬೆಳೆದಾಗ ಆ ಅಂತರ ಕರಗಿಹೋಗುತ್ತೆ. ನೀವು ನಾಲ್ಕರಿಂದ ಹತ್ತನೇ ಸ್ಥಾನದವರನ್ನ ನೋಡಿ. ಅದರಲ್ಲೂ ಇನ್ನೂ ಎಳಸು ಮೈ, ಉದ್ದ ಕಾಲು, ಕೊನೇ ಎರಡು ಸುತ್ತಿನಲ್ಲಿ ಮುಂದಿನವರನ್ನ ಹಿಡೀತಾ ಬರೋ ಮಗು ಯಾವುದು ಅಂತ ಗುರುತು ಹಾಕಿಕೊಳ್ಳಿ. ಸಮಯದ ಜೊತೆ ಹುಟ್ಟಿದ ತಿಂಗಳು, ತಂದೆತಾಯಿ ಎತ್ತರ, ಊರು, ಮನೆಯಿಂದ ಬಸ್ ನಿಲ್ದಾಣಕ್ಕೆ ಎಷ್ಟು ದೂರ, ಇಷ್ಟನ್ನೂ ಬರೆದುಕೊಳ್ಳಿ.

ಇಲಾಖೆ ಕೂಟದ ಹಾಳೆಯಲ್ಲಿ ಹೆಸರೇ ಕಾಣದ ಮಕ್ಕಳೂ ಇದ್ದಾರೆ. ಸಿಬಿಎಸ್‌ಇ ಶಾಲೆಯವರಿಗೆ ಅವರದೇ ಕ್ಲಸ್ಟರ್ ಕೂಟ, ನವೋದಯದವರಿಗೆ ಅವರದೇ ಕೂಟ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಒಂದು ಸಲ ಹೋಗಿ ಬನ್ನಿ. ಅಲ್ಲಿ ಮಕ್ಕಳು ಆವರಣದಲ್ಲೇ ಇರೋದರಿಂದ ದಿನಾ ಸಂಜೆ ಆಡ್ತಾರೆ, ಮನೆಯಿಂದ ದೂರ ಇದ್ದು ಅಭ್ಯಾಸವೂ ಇರುತ್ತೆ.

ಆಮೇಲೆ ಪಿಯುಸಿ ಎರಡು ವರ್ಷದ ಹಳ್ಳ ದಾಟಿಸೋದು. ದಾರಿ ಒಂದೇ. ಪಿಯು ಮಕ್ಕಳಿಗೆ ನಿಮ್ಮ ಮೈದಾನ ವಾರಕ್ಕೆ ಮೂರು ಸಂಜೆ ತೆರೆದಿರಲಿ. ಅಡ್ಮಿಷನ್ ಮಾತೇ ಎತ್ತಬೇಡಿ. ಅವರು ತಮ್ಮ ಕಾಲೇಜಿನ ಹೆಸರಲ್ಲೇ ಪಿಯು ಕೂಟಕ್ಕೆ ಓಡಲಿ. ಎರಡು ವರ್ಷ ನಿಮ್ಮ ಹುಡುಗರ ಜೊತೆ ಓಡಿದವನು ಡಿಗ್ರಿಗೆ ಅರ್ಜಿ ಹಾಕುವಾಗ ಬೇರೆ ಕಡೆ ಹೋಗೋದು ಅಪರೂಪ.

ಮದ್ದೂರು ಸಂಜೆ

ಮೇಷ್ಟ್ರು ಹೇಳಿದ್ದು ಸರಿ. ಮನೆ ಕಡೆಯ ಲೆಕ್ಕ ನಾನು ಸೇರಿಸ್ತೀನಿ.

ಮಂಡ್ಯ ಸೀಮೆಯಲ್ಲಿ ಬೆಳಗಿನ ಪ್ರಾಕ್ಟೀಸು ಕೈಕೊಡೋದು ಡೇರಿಯಿಂದ. ಹಸು ಇರೋ ಮನೆಯಲ್ಲಿ ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರೋದು ಓದೋ ಹುಡುಗನ ಪಾಲಿಗೆ ಬಂದಿರುತ್ತೆ, ಸಂಜೆ ಮತ್ತೆ ಅದೇ. ನೀವು 5.30ಕ್ಕೆ ಮೈದಾನಕ್ಕೆ ಬಾ ಅಂದರೆ ಆ ಹೊತ್ತಿಗೆ ಅವನು ಕೊಟ್ಟಿಗೆಯಲ್ಲಿ ಇರ್ತಾನೆ. ಅಪ್ಪ ಬೇಡ ಅನ್ನೋದು ಓಟಕ್ಕಲ್ಲ, ಆ ಕೆಲಸಕ್ಕೆ ಇನ್ನೊಂದು ಕೈ ಇಲ್ಲ ಅಂತ. ನೀವು ಅದನ್ನ 'ಪ್ರೋತ್ಸಾಹ ಇಲ್ಲ' ಅಂತ ಬರೆದುಕೊಳ್ತೀರಿ. ಭತ್ತದ ಕೊಯ್ಲು, ಕಬ್ಬು ಕಡಿಯೋ ದಿನಗಳಲ್ಲಂತೂ ಹುಡುಗ ಹತ್ತು ದಿನ ಕಾಣಲ್ಲ. ಅದಕ್ಕೆ ತಂಡದಿಂದ ತೆಗೆದುಹಾಕಿದರೆ ಅವನು ಮತ್ತೆ ಬರಲ್ಲ.

ಪರಿಹಾರ ದೊಡ್ಡದೇನಲ್ಲ. ಹಳ್ಳಿ ಮಕ್ಕಳಿಗೆ ವಾರದ ಆರು ದಿನವೂ ಮೈದಾನಕ್ಕೆ ಬರಬೇಕು ಅನ್ನೋ ಕಟ್ಟು ತೆಗೀರಿ. ಮಂಗಳವಾರ, ಗುರುವಾರ ಕ್ಲಾಸ್ ಮುಗಿದ ಕೂಡಲೇ 3.30ರಿಂದ 4.45 ಮೈದಾನದಲ್ಲಿ. ಶನಿವಾರ ಮಧ್ಯಾಹ್ನ ಉದ್ದದ ಓಟ. ಮಿಕ್ಕ ಎರಡು ದಿನ ಊರಲ್ಲೇ, ನಾಲೆ ಏರಿ ಮೇಲೆ 40 ನಿಮಿಷ ನಿಧಾನದ ಓಟ, ಡೇರಿ ಕೆಲಸ ಮುಗಿದ ಮೇಲೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮಣ್ಣು ಮೆತ್ತಗಿರುತ್ತೆ, ಏರು ಇಳಿವು ಕಡಿಮೆ. ಕಬ್ಬಿನ ಟ್ರ್ಯಾಕ್ಟರು ಓಡಾಡೋ ಕಾಲದಲ್ಲಿ ಕತ್ತಲಾದ ಮೇಲೆ ಮಾತ್ರ ಬೇಡ, ಹಿಂದಿನ ಟ್ರೈಲರಿಗೆ ದೀಪ ಇರಲ್ಲ.

ಊಟದ ವಿಚಾರ. ಮಂಡ್ಯದ ಡಿಗ್ರಿ ಮಕ್ಕಳಲ್ಲಿ ಬಹಳ ಜನ ಬಿಸಿಎಂ (ಹಿಂದುಳಿದ ವರ್ಗಗಳ) ಇಲ್ಲವೇ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಇರ್ತಾರೆ. ಊಟಕ್ಕೆ ಅಲ್ಲಿ ಮೋಸ ಇಲ್ಲ, ತೊಂದರೆ ಹೊತ್ತಿನದು. ಬೆಳಗ್ಗೆ ತಿಂಡಿ ಎಂಟರ ನಂತರ. 7 ಗಂಟೆಗೆ ಓಟ ಮುಗಿಸಿದವನು ಒಂದೂಕಾಲು ಗಂಟೆ ಬರೀ ಹೊಟ್ಟೆಯಲ್ಲಿ ಕೂರ್ತಾನೆ. ಸಂಜೆ ಪ್ರಾಕ್ಟೀಸ್ ಮುಗಿಸಿದವನಿಗೆ ಎಂಟು ಗಂಟೆ ಊಟದವರೆಗೆ ಏನೂ ಇಲ್ಲ. ನಿಮ್ಮ ಕಾಲೇಜು ಮೈದಾನದಲ್ಲೇ ಓಟ ಮುಗಿದ ಅರ್ಧ ಗಂಟೆಯೊಳಗೆ ಒಬ್ಬೊಬ್ಬರಿಗೆ ಎರಡು ಬೇಯಿಸಿದ ಮೊಟ್ಟೆ, ಎರಡು ಬಾಳೆಹಣ್ಣು, ಒಂದು ಹಿಡಿ (50 ಗ್ರಾಂ) ಹುರಿದ ಕಡಲೆಕಾಯಿ ಬೀಜ, ಒಂದು ತುಂಡು ಬೆಲ್ಲ ಕೊಟ್ಟರೆ ಸಾಕು. ಮೊಟ್ಟೆ ತಿನ್ನದವರಿಗೆ ಕಾಲು ಲೀಟರ್ ಹಾಲು, ನೆನೆಸಿದ ಹೆಸರುಕಾಳು. ಹನ್ನೆರಡು ಜನರಿಗೆ ದಿನಕ್ಕೆ ಎರಡು ಡಜನ್ ಮೊಟ್ಟೆ, ಎರಡು ಡಜನ್ ಬಾಳೆಹಣ್ಣು, 600 ಗ್ರಾಂ ಬೀಜ. ಪೋಸ್ಟರ್ ಹೊಡೆಸೋ ದುಡ್ಡನ್ನ ಇಲ್ಲಿಗೆ ತಿರುಗಿಸಿ. ಫೀಸ್ ಮಾಫಿ ವರ್ಷಕ್ಕೆ ಒಂದು ಸಲ ಕಾಣುತ್ತೆ, ಮೊಟ್ಟೆ ದಿನಾ ಕಾಣುತ್ತೆ. 'ಅಲ್ಲಿ ಊಟ ನೋಡಿಕೊಳ್ತಾರೆ' ಅನ್ನೋ ಮಾತು ಊರಿಗೆ ಮುಟ್ಟೋದು ಹೀಗೆ.

ಇನ್ನೊಂದು, ಕಬಡ್ಡಿ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಗಟ್ಟಿ ಉಸಿರಿನ ಹುಡುಗರನ್ನ ಊರ ತಂಡಗಳು ಬೇಗ ಎಳೆದುಕೊಳ್ತಿವೆ. ಹಬ್ಬದ ಟೂರ್ನಮೆಂಟಿನಲ್ಲಿ ನಗದು ಬಹುಮಾನ ಇರುತ್ತೆ. ಅದನ್ನ ಬಿಟ್ಟು ಬಾ ಅಂತ ಹಟ ಹಿಡೀಬೇಡಿ. ಡಿಸೆಂಬರ್‌ವರೆಗೆ ಓಟ, ಆಮೇಲೆ ಕಬಡ್ಡಿ ಅಂತ ಒಪ್ಪಂದ ಮಾಡಿಕೊಂಡರೆ ಹುಡುಗ ಎರಡೂ ಕಡೆ ಉಳೀತಾನೆ.

ಸ್ಟಾಪ್‌ವಾಚ್, ಮೈಸೂರು

ಮೇಲಿನ ಇಬ್ಬರೂ ಮಕ್ಕಳು ಯಾಕೆ ಬರುವುದಿಲ್ಲ ಎಂದು ಬರೆದಿದ್ದಾರೆ. ಮೇಷ್ಟ್ರುಗಳು ಯಾಕೆ ಕಳಿಸುವುದಿಲ್ಲ ಎನ್ನುವುದೂ ಅಷ್ಟೇ ಮುಖ್ಯ. ಹೈಸ್ಕೂಲ್ ಮೇಷ್ಟ್ರ ಕೈಯಲ್ಲಿ ಚೆನ್ನಾಗಿ ಓಡುತ್ತಿದ್ದ ಹುಡುಗ ಕಾಲೇಜು ಸೇರಿದ ಮೂರನೇ ತಿಂಗಳಿಗೆ ಮೊಣಕಾಲ ಕೆಳಗಿನ ಮೂಳೆ ನೋವೆಂದು ಕುಂಟುತ್ತಾ ಊರಿಗೆ ಬಂದರೆ, ಆ ಮೇಷ್ಟ್ರು ಮುಂದಿನ ಐದು ವರ್ಷ ಆ ಕಾಲೇಜಿನ ಹೆಸರು ಹೇಳುವುದಿಲ್ಲ. ನಿಮ್ಮ ತಂಡದಲ್ಲಿ ಕಳೆದ ಮೂರು ವರ್ಷದಲ್ಲಿ ಸೇರಿದ ಮೊದಲ ವರ್ಷದ ಮಕ್ಕಳಲ್ಲಿ ಎಷ್ಟು ಮಂದಿ ಈಗಲೂ ಓಡುತ್ತಿದ್ದಾರೆ, ಎಣಿಸಿ ನೋಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಎಣಿಕೆಯಲ್ಲಿ ಸಿಗುತ್ತದೆ.

ಯಾಕೆ ಹೀಗಾಗುತ್ತದೆ? ಶಾಲೆಯಲ್ಲಿ ಅತಿ ಉದ್ದದ ಓಟ 3000 ಮೀಟರ್. ವಿಶ್ವವಿದ್ಯಾಲಯ ಮಟ್ಟದಲ್ಲಿ 5000, 10,000 ಮತ್ತು 10 ಕಿಲೋಮೀಟರ್ ಕ್ರಾಸ್ ಕಂಟ್ರಿ. ಅಥ್ಲೆಟಿಕ್ಸ್ ಫೆಡರೇಷನ್‌ನ ರಾಷ್ಟ್ರೀಯ ಕ್ರಾಸ್ ಕಂಟ್ರಿಯಲ್ಲಿ ಏಣಿ ಮೆಟ್ಟಿಲು ಮೆಟ್ಟಿಲಾಗಿ ಇದೆ: 16ರೊಳಗಿನವರಿಗೆ 2 ಕಿ.ಮೀ., 18ರೊಳಗಿನ ಹುಡುಗರಿಗೆ 6, ಹುಡುಗಿಯರಿಗೆ 4, 20ರೊಳಗಿನ ಹುಡುಗರಿಗೆ 8, ಹುಡುಗಿಯರಿಗೆ 6. ನಮ್ಮ ಹುಡುಗ ನಡುವಿನ ಮೆಟ್ಟಿಲುಗಳನ್ನು ಪಿಯುಸಿಯಲ್ಲಿ ಬಿಟ್ಟು, ನೇರ 10ಕ್ಕೆ ಕಾಲಿಡುತ್ತಾನೆ.

ಅವನ ಶಾಲೆಯ ಸಮಯದಿಂದ ಏನು ನಿರೀಕ್ಷಿಸಬಹುದು ಎಂದು ಲೆಕ್ಕ ಹಾಕಲು ಓಟಗಾರರು ಬಳಸುವ ಸೂತ್ರ ಒಂದಿದೆ. ಹೊಸ ದೂರವನ್ನು ಹಳೆಯ ದೂರದಿಂದ ಭಾಗಿಸಿ, ಬಂದದ್ದರ 1.06ನೇ ಘಾತವನ್ನು ಹಳೆಯ ಸಮಯಕ್ಕೆ ಗುಣಿಸಬೇಕು. 3000 ಮೀಟರನ್ನು 9 ನಿಮಿಷ 40 ಸೆಕೆಂಡಿನಲ್ಲಿ ಓಡುವವನಿಗೆ 5000ಕ್ಕೆ ಸುಮಾರು 16.37 (16 ನಿಮಿಷ 37 ಸೆಕೆಂಡು), 10,000ಕ್ಕೆ ಸುಮಾರು 34.38 ಬರುತ್ತದೆ. ಆದರೆ ಇದು ಆ ದೂರಕ್ಕೆ ತಕ್ಕಷ್ಟು ಕಿಲೋಮೀಟರ್ ತಿಂದ ಕಾಲಿಗೆ ಮಾತ್ರ. ವಾರಕ್ಕೆ 20 ಕಿ.ಮೀ. ಓಡುವವನು 10,000ದಲ್ಲಿ ಇದಕ್ಕಿಂತ ಎರಡು ಮೂರು ನಿಮಿಷ ಹಿಂದೆ ಬಿದ್ದರೆ ಅದು ಅವನ ಸೋಮಾರಿತನ ಅಲ್ಲ. ಮೊದಲ ವರ್ಷ ಅವನನ್ನು 10,000ಕ್ಕೆ ಇಳಿಸಲೇಬೇಡಿ. 1500 ಮತ್ತು 5000 ಸಾಕು.

ಶಾಲೆಯ ಮೈದಾನದ ಸಮಯವನ್ನು ನಂಬುವ ಮುಂಚೆ ಟೇಪು ಹಿಡಿಯಿರಿ. ಒಳ ಅಂಚಿನಲ್ಲಿ ಬರೀ ಸುಣ್ಣದ ಗೆರೆ ಇದ್ದರೆ ಟ್ರ್ಯಾಕಿನ ಉದ್ದವನ್ನು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು, ಎತ್ತರದ ಅಂಚು ಇದ್ದರೆ 30. ಬಹಳ ಕಡೆ ಗೆರೆಯ ಮೇಲೆಯೇ 200 ಅಳೆದಿರುತ್ತಾರೆ. ಆಗ ಸುತ್ತಿಗೆ 1.26 ಮೀಟರ್ ಹೆಚ್ಚು, 15 ಸುತ್ತಿಗೆ ಸುಮಾರು 19 ಮೀಟರ್. ಅಂದರೆ ಹುಡುಗ ನಿಜವಾಗಿ ಕಾಗದದಲ್ಲಿರುವುದಕ್ಕಿಂತ ಮೂರೂವರೆ ನಾಲ್ಕು ಸೆಕೆಂಡು ಚುರುಕು. ಜೊತೆಗೆ ಸಣ್ಣ ಸುತ್ತಿನ ತಿರುವು ಚೂಪು, ಕಾಲು ಬರಿಗಾಲು. 10 ನಿಮಿಷದ ಓಟ ಎಂದು ತಳ್ಳಿಹಾಕಿದ ಹುಡುಗ 400 ಮೀಟರ್ ಟ್ರ್ಯಾಕಿನಲ್ಲಿ ಬೇರೆಯೇ ಕಾಣಬಹುದು. ಸಾಧ್ಯವಾದರೆ ಆಯ್ದ ಹತ್ತು ಮಕ್ಕಳನ್ನು ಒಂದು ಭಾನುವಾರ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿ, ಅನುಮತಿ ಪಡೆದು ಒಂದೊಂದು 1500 ಓಡಿಸಿ. ಮಂಡ್ಯದಿಂದ 45 ಕಿ.ಮೀ. ಅಷ್ಟೆ.

ಈಗ ತರಬೇತಿ. ಪಿಯು ಮಕ್ಕಳಿಗೆ ವಾರಕ್ಕೆ ನಾಲ್ಕು ದಿನ, ಒಟ್ಟು 25–30 ಕಿ.ಮೀ. ಡಿಗ್ರಿ ಮೊದಲ ವರ್ಷ ಐದು ದಿನ, 40–50. ಎರಡನೇ ವರ್ಷ 60ರ ಹತ್ತಿರ. ವಾರದಿಂದ ವಾರಕ್ಕೆ 3–4 ಕಿ.ಮೀ.ಗಿಂತ ಹೆಚ್ಚು ಏರಿಸಬೇಡಿ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. 9.40ರ ಹುಡುಗನಿಗೆ ನಿಧಾನದ ಓಟ ಎಂದರೆ ಕಿಲೋಮೀಟರಿಗೆ 4.45ರಿಂದ 5.15. ಮಾತಾಡುತ್ತಾ ಓಡಲು ಆಗಬೇಕು. ವಾರಕ್ಕೆ ಒಂದು ದಿನ 20 ನಿಮಿಷ ಸ್ಥಿರ ವೇಗ, ಕಿಲೋಮೀಟರಿಗೆ ಸುಮಾರು 3.35. ಇನ್ನೊಂದು ದಿನ 1000 ಮೀಟರ್ ಐದು ಸಲ, ಪ್ರತಿಯೊಂದೂ 3.20ರಲ್ಲಿ, ನಡುವೆ ಮೂರು ನಿಮಿಷ ಮೆಲ್ಲನೆ ಓಟ. ಮೊದಲ ಎರಡು ತಿಂಗಳು ಐದರ ಬದಲು ಮೂರು ಸಲ ಸಾಕು.

ನಮ್ಮ ಕಾಲೇಜುಗಳಲ್ಲಿ ಆಗುವ ದೊಡ್ಡ ತಪ್ಪು, ಸೀನಿಯರ್–ಜೂನಿಯರ್ ಎಲ್ಲರನ್ನೂ ಒಂದೇ ಗುಂಪಿನಲ್ಲಿ ನಿಲ್ಲಿಸಿ 400 ಮೀಟರ್ ಹನ್ನೆರಡು ಸಲ ಓಡಿಸುವುದು. ಸೀನಿಯರ್‌ಗೆ ಅದು ಅಭ್ಯಾಸ, ಹೊಸಬನಿಗೆ ಪ್ರತಿ ಸುತ್ತೂ ರೇಸು. ಹೊಸ ಬೂಟು, ಗಟ್ಟಿ ನೆಲ, ಹೆಚ್ಚಿದ ವೇಗ ಮೂರೂ ಒಂದೇ ತಿಂಗಳಲ್ಲಿ ಬಂದರೆ ಮೊದಲು ಸೋಲುವುದು ಮೊಣಕಾಲ ಕೆಳಗಿನ ಮೂಳೆ. ಬರಿಗಾಲಿನಲ್ಲಿ ಬೆಳೆದ ಮಗುವಿಗೆ ಬೂಟನ್ನು ಮೊದಲು ನಿಧಾನದ ಓಟಕ್ಕೆ ಮಾತ್ರ ಹಾಕಿಸಿ. ಸ್ಪೈಕ್ಸ್ (ಮೊಳೆ ಬೂಟು) ಎರಡು ತಿಂಗಳ ನಂತರ, ಅದೂ ಮೊದಲು 100–200 ಮೀಟರಿನ ತುಂಡುಗಳಿಗೆ.

ನೋವು ಹೇಳಿದಾಗ ಬೆರಳಿನಿಂದ ಒತ್ತಿ ನೋಡಿ. ಮೂಳೆಯ ಒಳ ಅಂಚಿನ ಉದ್ದಕ್ಕೂ ಒಂದು ಗೇಣು ನೋವಿದ್ದರೆ ಓಟ ಅರ್ಧಕ್ಕೆ ಇಳಿಸಿ, ಮಣ್ಣಿನ ಮೇಲೆ ಮಾತ್ರ ಓಡಿಸಿ. ಒಂದೇ ಬೆರಳಿನ ಜಾಗದಲ್ಲಿ ಚುಚ್ಚಿದ ಹಾಗೆ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಹೆಚ್ಚಾಗುತ್ತದೆ ಎಂದರೆ ಅಂದೇ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮೂಳೆಯ ಕೂದಲೆಳೆ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. 'ಎಕ್ಸ್‌ರೇ ಸರಿಯಿದೆ, ಓಡು' ಎಂದು ಕಳಿಸಿದ್ದರಿಂದಲೇ ಎಷ್ಟೋ ಮಕ್ಕಳ ಓಟ ಮುಗಿದಿದೆ.

ಕೆಮ್ಮಣ್ಣು ಟ್ರ್ಯಾಕ್, ಮಂಡ್ಯ

ಮೂವರಿಗೂ ತುಂಬಾ ಧನ್ಯವಾದ. ಸ್ಟಾಪ್‌ವಾಚ್ ಸರ್, ಎಣಿಸಿ ನೋಡಿದೆವು. ಮೂರು ವರ್ಷದಲ್ಲಿ ಸೇರಿದ ಹನ್ನೊಂದು ಮಕ್ಕಳಲ್ಲಿ ಈಗ ಓಡ್ತಿರೋದು ಐವರೇ, ಅದರಲ್ಲಿ ಇಬ್ಬರು ಈ ವರ್ಷ ಸೇರಿದವರು. 400 ಹನ್ನೆರಡು ಸಲ ಅನ್ನೋದು ನಮ್ಮ ಬುಧವಾರದ ಪಾಠವೇ. ಅದನ್ನ ಈ ವಾರದಿಂದ ಬೇರೆ ಮಾಡ್ತೀವಿ.

ಇನ್ನೆರಡು ಪ್ರಶ್ನೆ. ಹುಡುಗಿಯರು ಯಾಕೆ ಇನ್ನೂ ಕಡಿಮೆ? ಶಕ್ತಿ ಯೋಜನೆಯಿಂದ ಬಸ್ಸು ಉಚಿತ ಆದ ಮೇಲೆ ಬರ್ತಾರೆ ಅಂದುಕೊಂಡಿದ್ದೆವು. ಎರಡನೇದು, 'ಮಿಲಿಟರಿಗೆ ಹೋಗ್ತೀನಿ, ಕಾಲೇಜು ಯಾಕೆ' ಅನ್ನೋ ಹುಡುಗನಿಗೆ ಏನು ಹೇಳಬೇಕು?

ನಾಗಮಂಗಲ ರೋಡು

ಹುಡುಗಿಯರ ವಿಚಾರಕ್ಕೆ ನಾನು ಬರೀತೀನಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದು ಟಿಕೆಟ್‌ನ ಚಿಂತೆ ತೆಗೀತು. ಆದರೆ ಬಸ್ಸಿನ ಹೊತ್ತು ಬದಲಾಗಲಿಲ್ಲ. ನಿಮ್ಮ ಪ್ರಾಕ್ಟೀಸ್ 6ಕ್ಕೆ ಮುಗಿದು, ಊರಿನ ಕೊನೇ ಬಸ್ಸು 6.15ಕ್ಕೆ ಇದ್ದರೆ, ಅದು ತಪ್ಪಿದ ಒಂದೇ ದಿನ ಸಾಕು, ಅವಳ ಓಟ ಅಲ್ಲಿಗೆ ಮುಗೀತು. ತಂಡದ ಪ್ರತಿ ಹುಡುಗಿಯ ಊರಿನ ಕೊನೇ ಎರಡು ಬಸ್ಸಿನ ಸಮಯ ಬರೆದು ಗೋಡೆಗೆ ಅಂಟಿಸಿ. ಪ್ರಾಕ್ಟೀಸನ್ನ ಕೊನೇದರಿಂದ ಅಲ್ಲ, ಅದರ ಹಿಂದಿನ ಬಸ್ಸಿನಿಂದ ಲೆಕ್ಕ ಹಾಕಿ ಹಿಂದಕ್ಕೆ ಇಡಿ.

ಮೈದಾನದಲ್ಲಿ ಚಿಲಕ ಇರೋ ಶೌಚಾಲಯ, ಬಟ್ಟೆ ಬದಲಿಸೋ ಕೋಣೆ, ಕಸದ ಡಬ್ಬಿ ಇದೆಯಾ? ಇಲ್ಲದಿದ್ದರೆ ತಿಂಗಳಿಗೆ ನಾಲ್ಕು ದಿನ ಅವರು ಬರೋದೇ ಇಲ್ಲ, ಕಾರಣ ಯಾರಿಗೂ ಹೇಳೋದೂ ಇಲ್ಲ. ಮೊಣಕಾಲ ಕೆಳಗಿನವರೆಗೆ ಇರೋ ಟೈಟ್ಸ್, ಅರ್ಧ ತೋಳಿನ ಟೀ ಶರ್ಟ್ ತಂಡದ ಬಟ್ಟೆಯಾಗಲಿ. ಚಡ್ಡಿ ಹಾಕಲೇಬೇಕು ಅಂತ ಅಥ್ಲೆಟಿಕ್ಸ್ ನಿಯಮದಲ್ಲಿ ಇಲ್ಲ. ಮಹಿಳಾ ಉಪನ್ಯಾಸಕಿ ಒಬ್ಬರು ವಾರಕ್ಕೆ ಎರಡು ದಿನವಾದರೂ ಮೈದಾನದಲ್ಲಿ ಕೂತಿರಲಿ. ಮನೆಗೆ ಮಾತಾಡೋಕೆ ಹೋಗುವಾಗಲೂ ಅವರೇ ಹೋಗಲಿ, ಅಪ್ಪನ ಜೊತೆಗಲ್ಲ, ಅವ್ವನ ಜೊತೆ, ಅಜ್ಜಿ ಇದ್ದರೆ ಅಜ್ಜಿ ಜೊತೆ. ಹೆಣ್ಣುಮಗಳ ಓಟ ನಿಲ್ಲೋದು, ಮುಂದುವರಿಯೋದು ಅಡುಗೆಮನೆಯಲ್ಲಿ ತೀರ್ಮಾನ ಆಗುತ್ತೆ.

ಮತ್ತೊಂದು ಕಣ್ಣಿಗೆ ಕಾಣದ ಕಾರಣ ರಕ್ತಹೀನತೆ. ಸರ್ಕಾರಿ ಹೈಸ್ಕೂಲಿನಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಕೊಡ್ತಾರೆ. ಶಾಲೆ ಬಿಟ್ಟ ಮೇಲೆ ಅದನ್ನ ನೆನಪಿಸೋರು ಇರಲ್ಲ. ಹತ್ತನೇ ಕ್ಲಾಸಿನಲ್ಲಿ ಓಡಿದ ಸಮಯಕ್ಕಿಂತ ಪಿಯುಸಿಯಲ್ಲಿ ಹಿಂದೆ ಬಿದ್ದ ಹುಡುಗಿಗೆ 'ಮೈ ಬಂತು, ಓಟ ಹೋಯ್ತು' ಅಂತಾರೆ. ಮೊದಲು ಹಿಮೋಗ್ಲೋಬಿನ್ ನೋಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮಾತ್ರೆ ಬರೆದುಕೊಡ್ತಾರೆ. ಕಾಫಿ, ಟೀ, ಹಾಲಿನ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹಿಡಿಯಲ್ಲ. ನಿಂಬೆ ಪಾನಕದ ಜೊತೆ ತಗೊಳ್ಳಲಿ. ಮುಟ್ಟು ಮೂರು ತಿಂಗಳು ನಿಂತಿದ್ದರೆ ಕಿಲೋಮೀಟರ್ ಇಳಿಸಿ, ಊಟ ಏರಿಸಿ, ವೈದ್ಯೆಯ ಹತ್ತಿರ ಕಳಿಸಿ. ಹಾಗೇ ಓಡಿಸಿದರೆ ಸ್ಟಾಪ್‌ವಾಚ್ ಸರ್ ಹೇಳಿದ ಮೂಳೆ ಬಿರುಕು ಅವರಿಗೇ ಮೊದಲು ಬರೋದು.

ಮದ್ದೂರು ಸಂಜೆ

ಮಿಲಿಟರಿ ಪ್ರಶ್ನೆಗೆ. ಅಗ್ನಿವೀರ್ ಭರ್ತಿಯಲ್ಲಿ 1600 ಮೀಟರನ್ನ 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಪೂರ್ತಿ 60 ಅಂಕ. ಪೊಲೀಸ್ ಕಾನ್‌ಸ್ಟೆಬಲ್‌ಗೆ ಹುಡುಗರು 1600 ಮೀಟರನ್ನ ಆರೂವರೆ ನಿಮಿಷದೊಳಗೆ, ಹುಡುಗಿಯರು 400 ಮೀಟರನ್ನ ಎರಡು ನಿಮಿಷದೊಳಗೆ ಮುಗಿಸಬೇಕು. 3000 ಮೀಟರನ್ನ 9.40ರಲ್ಲಿ ಓಡೋನು ಅದೇ ವೇಗದಲ್ಲಿ 1600ನ್ನ 5.09ಕ್ಕೆ ದಾಟ್ತಾನೆ. ಅಂದರೆ ಓಟದ ಪರೀಕ್ಷೆಗೆ ಅವನಿಗೆ ಯಾರ ತರಬೇತಿಯೂ ಬೇಡ. ಅವನನ್ನ ಎಳೀತಿರೋದು ಸಂಬಳ. ಆ ಮನೆಯ ಲೆಕ್ಕ ತಪ್ಪು ಅಂತ ಹೇಳೋಕೆ ಹೋಗಬೇಡಿ, ತಪ್ಪಲ್ಲ.

ನೀವು ಹೇಳಬಹುದಾದ್ದು ಇಷ್ಟು. ಭರ್ತಿಯಲ್ಲಿ ಹುಡುಗರು ಬಹಳಷ್ಟು ಸಲ ಬೀಳೋದು ಲಿಖಿತ ಪರೀಕ್ಷೆಯಲ್ಲಿ ಮತ್ತು ವೈದ್ಯಕೀಯದಲ್ಲಿ. ನಿಮ್ಮ ಕಾಲೇಜಿನಲ್ಲಿ ವಾರಕ್ಕೆ ಎರಡು ಗಂಟೆ ಗಣಿತ, ಸಾಮಾನ್ಯ ಜ್ಞಾನದ ಪಾಠ ಓಟದ ತಂಡಕ್ಕೆ ಅಂತಲೇ ಇಡಿ. ಪಿಎಸ್‌ಐ ಹುದ್ದೆಗೆ ಡಿಗ್ರಿ ಬೇಕು ಅನ್ನೋದನ್ನ ಮನೆಯವರ ಎದುರಿಗೇ ಹೇಳಿ. ಅಗ್ನಿವೀರ್‌ಗೆ ಹದಿನೇಳೂವರೆಯಿಂದ ಅರ್ಜಿ ಹಾಕಬಹುದು, ಕಾಲೇಜಿಗೆ ಸೇರಿಕೊಂಡೇ ಹಾಕಲಿ. ಆಯ್ಕೆಯಾದರೆ ಬೀಳ್ಕೊಡಿ, ಆಗದಿದ್ದರೆ ಅವನ ಕೈಯಲ್ಲಿ ಒಂದು ಡಿಗ್ರಿಯೂ ಓಟವೂ ಉಳಿದಿರುತ್ತೆ. 'ಅಲ್ಲಿ ಸೇರಿದರೆ ಮಿಲಿಟರಿಗೆ ಬಿಡಲ್ಲ' ಅನ್ನೋ ಹೆದರಿಕೆ ಹೋದರೆ ಈಗ ಬರದ ಎಷ್ಟೋ ಹುಡುಗರು ಬರ್ತಾರೆ.

ಹೋಬಳಿ ಮೇಷ್ಟ್ರು

ಒಂದು ಮಾತು ಬಿಟ್ಟುಹೋಗಿತ್ತು. ನಿಮ್ಮ ಹುಡುಗ ಅಂತರ ಕಾಲೇಜು ಕೂಟದಲ್ಲಿ ಪದಕ ತಂದಾಗ ಪತ್ರಿಕೆಗೆ ಕೊಡೋ ಸುದ್ದಿಯಲ್ಲಿ ನಿಮ್ಮ ಪ್ರಿನ್ಸಿಪಾಲರ ಹೆಸರು ಇರುತ್ತೆ. ಅವನು ಓದಿದ ಹೈಸ್ಕೂಲಿನ ಹೆಸರೂ ಅಲ್ಲಿನ ದೈಹಿಕ ಶಿಕ್ಷಕರ ಹೆಸರೂ ಅದರಲ್ಲಿ ಇರಲಿ. ಫೋಟೋದ ಒಂದು ಪ್ರತಿ, ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ, ಎರಡನ್ನೂ ಆ ಹುಡುಗನೇ ಶಾಲೆಗೆ ತಗೊಂಡು ಹೋಗಿ ಕೊಡಲಿ, ಬೆಳಗಿನ ಪ್ರಾರ್ಥನೆ ಹೊತ್ತಿಗೆ ಹೋದರೆ ಒಳ್ಳೇದು. ಎಂಟನೇ ಕ್ಲಾಸಿನ ಮಕ್ಕಳು ಸಾಲಲ್ಲಿ ನಿಂತು ಅವನನ್ನ ನೋಡ್ತಾರೆ.

ಹಾಜರಿ ವಿಚಾರವನ್ನೂ ಮೊದಲೇ ಬರವಣಿಗೆಯಲ್ಲಿ ಗಟ್ಟಿ ಮಾಡಿಕೊಳ್ಳಿ. 75 ಪರ್ಸೆಂಟ್ ಹಾಜರಿ ಇಲ್ಲ ಅಂತ ಪರೀಕ್ಷೆಗೆ ಕೂರಿಸದೇ ಹೋದರೆ ಆ ಸುದ್ದಿ ಪದಕದ ಸುದ್ದಿಗಿಂತ ಬೇಗ ಊರು ಸೇರುತ್ತೆ. ಕೂಟಕ್ಕೆ ಹೊರಡೋ ಮುಂಚೆ ಪ್ರತಿ ವಿಭಾಗದ ಮುಖ್ಯಸ್ಥರಿಗೆ ಹುಡುಗನ ಹೆಸರು, ರಿಜಿಸ್ಟರ್ ನಂಬರು, ದಿನಾಂಕ ಇರೋ ಪತ್ರ ಕೊಟ್ಟು ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ವಾಪಸ್ ಬಂದ ವಾರದೊಳಗೆ ಭಾಗವಹಿಸಿದ ಪ್ರಮಾಣಪತ್ರದ ನಕಲು ಸೇರಿಸಿ. ತಪ್ಪಿದ ಇಂಟರ್ನಲ್ ಟೆಸ್ಟ್ ಯಾವ ದಿನ ಮತ್ತೆ ಕೊಡ್ತಾರೆ ಅನ್ನೋದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ, ಬಾಯಿಮಾತಿಗೆ ಬಿಡಬೇಡಿ.

ಮಳವಳ್ಳಿ, ಪಾಂಡವಪುರ ಕಡೆಯ ಹೋಬಳಿ ಕೂಟಗಳಿಗೆ ಸುತ್ತು ಎಣಿಸೋಕೆ ಯಾವಾಗಲೂ ಜನ ಕಡಿಮೆ. ಅಲ್ಲಿಂದ ಶುರು ಮಾಡಿ.